ನೆಯ್ಗೆಯೆಂಬ ಮಾತು

ಶ್ರೀಮಠದ ಮಹೋತ್ಸವದ ಸ್ಮರಣಸಂಪುಟಕ್ಕೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಅಪ್ಪಣೆಯಾದಾಗ, ಘನವಾದ ವಿಷಯಗಳನ್ನು ವಿದ್ವಾಂಸರಾದವರು ಬರೆಯುವರೆಂದು ಭಾವಿಸಿ, ನಾನು ಒಂದು ಸಣ್ಣ ಮಾತನ್ನು ಆರಿಸಿಕೊಂಡೆನು. ಆ ಮಾತು 'ನೆಯ್' ಎಂಬುದು. ಎರಡೇ ಅಕ್ಷರದ ಈ ಧಾತುವಿನ ಚರಿತ್ರೆಯನ್ನು ಬರೆಯಲು ನನಗೆ ಪ್ರೇರಣೆಯಾದುದು ಪಾಂಡಿತ್ಯವಲ್ಲ, ನನ್ನಿಂದಾದ ಒಂದು ತಪ್ಪು. ಅದನ್ನು ಮೊದಲು ನಿವೇದಿಸಿಕೊಂಡು ಮುಂದುವರಿಯುತ್ತೇನೆ.

ಸುಮಾರು 30 ವರ್ಷಗಳ ಹಿಂದೆ, ಒಂದು ಸೋಮವಾರದ ಸಾಯಂಕಾಲ, ನೇಕಾರರ ಓಣಿಯೊಂದರ ಗುಡಿಯಲ್ಲಿ ವಚನಗಳನ್ನು ಓದಿ ಅರ್ಥ ಹೇಳುವ ಕೆಲಸವು ನನ್ನ ಪಾಲಿಗೆ ಬಂದಿತ್ತು. ಅಂದು ಎತ್ತಿಕೊಂಡುದು ಜೇಡರ ದಾಸಿಮಯ್ಯನ ವಚನ. ಅದರಲ್ಲಿ 'ಕಂಡಿಕೆ' ಎಂಬ ಶಬ್ದವು ಬಂದಿತು. ನಾನು ಆ ಶಬ್ದವನ್ನು ಅದಕ್ಕೆ ಮೊದಲು ಕೇಳಿರಲಿಲ್ಲ. ಕೇಳಿರಲಿಲ್ಲವೆಂದು ಒಪ್ಪಿಕೊಂಡಿದ್ದರೆ ಮಾನ ಉಳಿಯುತ್ತಿತ್ತು. ಹಾಗೆ ಮಾಡದೆ, ಇದು 'ಕಾಣಿಕೆ' ಎಂಬುದರ ಅಚ್ಚಿನ ತಪ್ಪಾಗಿರಬೇಕೆಂದು ಹೇಳಿ, ಭಕ್ತನು ದೇವನಿಗೆ ಸಲ್ಲಿಸಿದ ಕಾಣಿಕೆಯೆಂಬುದಾಗಿ ಕಾಲುಗಂಟೆ ವ್ಯಾಖ್ಯಾನ ಮಾಡಿದೆನು. ಸಭೆಯವರು ಗೌರವದಿಂದ ಕೇಳಿದರು. ಎಲ್ಲರೂ ಎದ್ದ ಮೇಲೆ ಮುದುಕಿಯೊಬ್ಬಳು ನನ್ನ ಹತ್ತಿರಕ್ಕೆ ಬಂದು, "ಅಪ್ಪಾರ, ಕಂಡಿಕಿ ಅಂದ್ರ ಕಾಣಿಕಿ ಅಲ್ರೀ. ಲಾಳಿ ಒಳಗ ಹಾಕತೀವಲ್ಲ, ನೂಲು ಸುತ್ತಿದ್ದು, ಅದು. ನಮ್ಮ ಮನೀಗೆ ಬರ್ರಿ, ತೋರಸ್ತೀನಿ" ಎಂದಳು. ಸಭೆಯಲ್ಲಿ ಹೇಳದೆ ಒಬ್ಬನೇ ಇದ್ದಾಗ ಹೇಳಿದಳೆಂಬುದು ಆ ತಾಯಿಯ ದೊಡ್ಡತನ. ಮರುದಿನ ಹೋಗಿ ನೋಡಿದೆನು. ಆಕೆಯ ಮನೆಯ ಕುಣಿಮಗ್ಗದ ಮುಂದೆ ಕುಳಿತ ಆ ಒಂದು ಬೆಳಗಿನಲ್ಲಿ ನನಗೆ ತಿಳಿದುಬಂದಷ್ಟು ವಚನಾರ್ಥವು ಅನೇಕ ವರ್ಷಗಳ ಪುಸ್ತಕವ್ಯಾಸಂಗದಿಂದಲೂ ತಿಳಿದಿರಲಿಲ್ಲ.

ಈಗ ಮಾತಿಗೆ ಬರೋಣ. 'ನೆಯ್' ಎಂಬುದು ಅಚ್ಚಗನ್ನಡದ ಧಾತು. ತಮಿಳು ಮಲೆಯಾಳಗಳಲ್ಲಿಯೂ ಇದು ಇದೇ ರೂಪದಲ್ಲಿದೆ. ತೆಲುಗಿನಲ್ಲಿ 'ನೇಯು' ಎಂದಾಗಿದೆ. ಭಾಷೆಗಳು ಬೇರೆಬೇರೆಯಾಗುವುದಕ್ಕೆ ಮೊದಲೇ ನಮ್ಮ ಪೂರ್ವಿಕರು ಬಟ್ಟೆಯನ್ನು ನೆಯ್ಯುತ್ತಿದ್ದರೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿಲ್ಲ. ಧಾತುವಿಗೆ 'ಗೆ' ಪ್ರತ್ಯಯವು ಸೇರಿ 'ನೆಯ್ಗೆ' ಎಂದಾಯಿತು. ಸ್ವರವು ದೀರ್ಘವಾಗಿ 'ನೇಯ್ಗೆ' ಎಂದೂ ಜನರ ಬಾಯಲ್ಲಿ 'ನೇಗಿ' ಎಂದೂ ಆಯಿತು. ನೆಯ್ಗೆಯವನು ನೆಯ್ಗಾರನಾಗಿ, ಕಡೆಗೆ ನೇಕಾರನಾದನು. ಹಳಗನ್ನಡದಲ್ಲಿ ಇದೇ ಉಚ್ಚಾರದ ಇನ್ನೊಂದು 'ನೆಯ್' ಇದೆ. ಅದಕ್ಕೆ ತುಪ್ಪ, ಎಣ್ಣೆ ಎಂದು ಅರ್ಥ. ಬಿಳಿಯ ನೆಯ್ ಬೆಣ್ಣೆಯಾಯಿತು, ಎಳ್ಳಿನ ನೆಯ್ ಎಣ್ಣೆಯಾಯಿತು. ಕೆಲವರು ಉತ್ಸಾಹದಿಂದ ಈ ಎರಡನ್ನೂ ಕೂಡಿಸಿ, ನೂಲಿಗೆ ಎಣ್ಣೆ ಸವರುವುದರಿಂದ ನೆಯ್ಗೆಯೆಂಬ ಹೆಸರು ಬಂತೆಂದು ಹೇಳುವುದನ್ನು ಕೇಳಿದ್ದೇನೆ. ಅದು ಕೇವಲ ಕಿವಿಯ ಮೋಹ. ಹಾಗೆ ಹೊರಟರೆ ನೆಯ್ದಿಲ ಹೂವನ್ನೂ ಮಗ್ಗಕ್ಕೆ ಏರಿಸಬೇಕಾದೀತು.

ಕನ್ನಡಿಗರು ಈ ಮಾತನ್ನು ಎಲ್ಲೆಂದರಲ್ಲಿ ಬಳಸುವುದಿಲ್ಲ. ಬಟ್ಟೆಯನ್ನು ನೇಯುತ್ತಾರೆ, ಕಂಬಳಿಯನ್ನು ನೇಯುತ್ತಾರೆ. ಬುಟ್ಟಿಯನ್ನು ನೇಯುವುದಿಲ್ಲ, ಹೆಣೆಯುತ್ತಾರೆ, ಜಡೆಯನ್ನೂ ಹೆಣೆಯುತ್ತಾರೆ. ಬತ್ತಿಯನ್ನು ಹೊಸೆಯುತ್ತಾರೆ, ಹಗ್ಗವನ್ನೂ ಹೊಸೆಯುತ್ತಾರೆ. ಅರಳೆಯಿಂದ ಎಳೆಯನ್ನು ನೂಲುತ್ತಾರೆ. ಹೊರಗಿನವರಿಗೆ ಇವೆಲ್ಲ ಒಂದೇ ತೆರನಾಗಿ ಕಂಡರೂ, ಕೈಯಿಂದ ಮಾಡುವವನಿಗೆ ಒಂದೊಂದೂ ಬೇರೆ. ಎರಡು ಎಳೆಗಳು ಒಂದನ್ನೊಂದು ಸುತ್ತಿಕೊಂಡರೆ ಅದು ಹೊಸೆತ. ಚೌಕಟ್ಟಿಲ್ಲದೆ ಕೈಯೇ ಎಳೆಗಳನ್ನು ಮೇಲೆ ಕೆಳಗೆ ತಿರುವಿದರೆ ಅದು ಹೆಣಿಗೆ. ಒಂದು ಸಾಲು ಎಳೆಗಳು ಬಿಗಿಯಾಗಿ ಎಳೆಯಲ್ಪಟ್ಟು ಕದಲದೆ ನಿಂತಿರಲು, ಇನ್ನೊಂದು ಎಳೆಯು ಅವುಗಳ ನಡುವೆ ಅಡ್ಡಲಾಗಿ ಹೋಗಿಬಂದರೆ ಅದೇ ನೆಯ್ಗೆ. ಕಲ್ಯಾಣದ ಶರಣರಲ್ಲಿ ಈ ಕ್ರಿಯೆಗಳಿಗೆಲ್ಲ ಒಬ್ಬೊಬ್ಬರು ಕಾಯಕದವರು ಇದ್ದರೆಂಬುದನ್ನು ನೆನೆದರೆ ಸಂತೋಷವಾಗುತ್ತದೆ. ಮೇದಾರ ಕೇತಯ್ಯನು ಬಿದಿರನ್ನು ಸೀಳಿ ಬುಟ್ಟಿ ಮೊರಗಳನ್ನು ಹೆಣೆದನು. ನುಲಿಯ ಚಂದಯ್ಯನು ಹುಲ್ಲನ್ನು ಕೊಯ್ದು ತಂದು ಹಗ್ಗವನ್ನು ಹೊಸೆದನು. ಅವನ ಇಷ್ಟಲಿಂಗವು ನೀರಿಗೆ ಬಿದ್ದರೂ ಕಾಯಕವನ್ನು ಬಿಡಲೊಲ್ಲದೆ ನಡೆದನೆಂಬ ಕಥೆಯನ್ನು ಶೂನ್ಯಸಂಪಾದನೆಯನ್ನು ಕೇಳಿದವರೆಲ್ಲರೂ ಬಲ್ಲರು. ಕದಿರ ರೆಮ್ಮವ್ವೆಯು ನೂತಳು. ಅಮುಗೆ ದೇವಯ್ಯನೂ ಅವನಿಗಿಂತ ಹಿಂದಿನವನಾದ ಜೇಡರ ದಾಸಿಮಯ್ಯನೂ ನೆಯ್ದರು.

ನೆಯ್ಗೆಯ ಒಳಗಿನ ಶಬ್ದಗಳಲ್ಲಿ ಎರಡು ಇಡೀ ಭಾಷೆಯನ್ನೇ ಹೊಕ್ಕಿವೆ. ಉದ್ದಕ್ಕೆ ಹರವಿದ ಎಳೆಗಳು 'ಹಾಸು'. ಅಡ್ಡಲಾಗಿ ಒಳಗೆ ಸೇರುವ ಎಳೆ 'ಹೊಕ್ಕು'. ಒಂದು ಹಾಸುವ ಕ್ರಿಯೆಯಿಂದ, ಮತ್ತೊಂದು ಹೊಗುವ ಕ್ರಿಯೆಯಿಂದ ಹುಟ್ಟಿದ ಹೆಸರುಗಳು. ಒಂದು ವಿಷಯವು ಮತ್ತೊಂದರಲ್ಲಿ ಬಿಡಿಸಲಾಗದಂತೆ ಬೆರೆತಿದ್ದರೆ 'ಹಾಸುಹೊಕ್ಕಾಗಿದೆ' ಎನ್ನುತ್ತೇವೆ. ಮಗ್ಗವನ್ನು ಕಣ್ಣಿನಿಂದ ಕಾಣದವರೂ ಈ ಮಾತನ್ನು ದಿನವೂ ಆಡುವರು. ಹೀಗೆಯೇ ಒಂದು ಸಂಗತಿಯನ್ನು 'ಎಳೆಎಳೆಯಾಗಿ' ಬಿಡಿಸಿ ಹೇಳುತ್ತೇವೆ. ಕೆಲಸವು 'ಸಿಕ್ಕಾಗಿದೆ' ಎನ್ನುತ್ತೇವೆ. ತಾಯಿಯಂತೆ ಮಗಳು ನೂಲಿನಂತೆ ಸೀರೆ ಎಂಬ ಗಾದೆಯಲ್ಲಿ ನೂಲಿದೆ, ಸೀರೆಯಿದೆ. ನಡುವೆ ಕುಳಿತು ಬೆನ್ನು ಬಾಗಿಸಿದ ನೇಕಾರನು ಮಾತ್ರ ಇಲ್ಲ. ಗಾದೆಕಾರನು ನೇಕಾರನಾಗಿರಲಿಲ್ಲವೆಂದು ತೋರುತ್ತದೆ.

ಹಾಸು ಮಗ್ಗವನ್ನೇರುವುದಕ್ಕೆ ಮೊದಲು ಆಗಬೇಕಾದ ಕೆಲಸವೊಂದಿದೆ. ಹಾಸಿನ ಎಳೆಗಳನ್ನು ಓಣಿಯ ಉದ್ದಕ್ಕೂ ಗೂಟಗಳ ಮೇಲೆ ಬಿಗಿದು, ಗಂಜಿಯನ್ನು ಹಚ್ಚಿ, ದೊಡ್ಡ ಕುಂಚದಿಂದ ತಿಕ್ಕಿ ತಿಕ್ಕಿ ಎಳೆಗಳನ್ನು ಬೇರ್ಪಡಿಸಬೇಕು. ಹೀಗೆ ಹರವಿ ಗಂಜಿ ಹಾಕಿದ ಹಾಸಿಗೆ 'ಉಂಕೆ' ಎಂದು ಹೆಸರು. ಇದು ಒಬ್ಬನಿಂದಾಗುವ ಕೆಲಸವಲ್ಲ. ಬಿಸಿಲು ಏರುವ ಮೊದಲು ಮನೆಮಂದಿಯೂ ನೆರೆಯವರೂ ಕೂಡಿ ಮಾಡಬೇಕು. ಗಂಜಿ ಅರೆಬರೆಯಾಗಿ ಒಣಗಿದರೆ ಎಳೆಗಳು ಒಂದಕ್ಕೊಂದು ಅಂಟಿಕೊಳ್ಳುವುವು. ಸಾಲದಾದರೆ ಮಗ್ಗದಲ್ಲಿ ಹರಿಯುವುವು. ಮೇಲೆ ಹೇಳಿದ ದಾಸಿಮಯ್ಯನ ವಚನವು ಈ ಉಂಕೆಯನ್ನು ನಿಗುಚುವುದರಿಂದಲೇ ಮೊದಲಾಗಿ, ಮಗ್ಗದ ಒಂದೊಂದೇ ಅಂಗವನ್ನು ಹೆಸರಿಸುತ್ತ ನಡೆದು, ಲಾಳಿಯ ಮುಳ್ಳು ಕಂಡಿಕೆಯನ್ನು ನುಂಗಿತೆಂಬಲ್ಲಿಗೆ ಬರುತ್ತದೆ. ಕಡೆಗೆ ಈ ನೆಯ್ಗೆಯ ಕರ್ತೃವು ತಾನೋ ರಾಮನಾಥನೋ ಎಂದು ಕೇಳುತ್ತದೆ. ಲಾಳಿಯೆಂದರೆ ಹೊಕ್ಕನ್ನು ಒಯ್ಯುವ ದೋಣಿಯಾಕಾರದ ಸಾಧನ. ಅದರೊಳಗಿನ ಮುಳ್ಳಿಗೆ ಕಂಡಿಕೆಯನ್ನು ಸಿಕ್ಕಿಸುತ್ತಾರೆ. ಲಾಳಿ ಓಡಿದಂತೆಲ್ಲ ಕಂಡಿಕೆಯ ನೂಲು ಕರಗಿ ಬಟ್ಟೆ ಬೆಳೆಯುತ್ತದೆ. ಕೊನೆಗೆ ಬರಿಯ ಕೊಳವೆಯು ಮುಳ್ಳಿನಲ್ಲಿ ಉಳಿಯುತ್ತದೆ. ನೂಲು ಎಲ್ಲಿಗೆ ಹೋಯಿತು? ಇದನ್ನು ಒಮ್ಮೆ ಕಣ್ಣಾರೆ ನೋಡಿದವನಿಗೆ ಆ ವಚನದ ಕೊನೆಯ ಪ್ರಶ್ನೆಯು ಕವಿಯ ಚಮತ್ಕಾರವಾಗಿ ತೋರುವುದಿಲ್ಲ. ಮಗ್ಗದ ಕುಣಿಯಲ್ಲಿ ಕಾಲಿಟ್ಟು ಕುಳಿತವನಿಗೆ ಸಹಜವಾಗಿಯೇ ಹುಟ್ಟುವ ಪ್ರಶ್ನೆಯದು. ಇದನ್ನು ನಾನು ಕಾಣಿಕೆಯೆಂದು ಹೇಳಿದ್ದೆನಲ್ಲಾ!

ಅದೇ ವಚನದಲ್ಲಿ ಬರುವ 'ಸೀರೆ' ಎಂಬ ಮಾತಿನ ವಿಷಯದಲ್ಲಿಯೂ ಎಚ್ಚರವಿರಬೇಕು. ಹಳೆಯ ಕನ್ನಡದಲ್ಲಿ ಸೀರೆಯೆಂದರೆ ಸಾಮಾನ್ಯವಾಗಿ ವಸ್ತ್ರ, ಗಂಡಸರೂ ಉಡುತ್ತಿದ್ದರು. ಇಂದು ಅದು ಹೆಂಗಸರ ಉಡುಗೆಗೆ ಮಾತ್ರ ನಿಂತಿದೆ.

ದಾಸಿಮಯ್ಯನ ಸ್ಥಳವು ಸುರಪುರ ಸೀಮೆಯ ಮುದನೂರು. ಅಲ್ಲಿಯ ರಾಮನಾಥನ ಹೆಸರೇ ಅವನ ಅಂಕಿತ. ಕಲ್ಯಾಣ ಚಾಳುಕ್ಯರ ಇಮ್ಮಡಿ ಜಯಸಿಂಹನ ರಾಣಿಯಾದ ಸುಗ್ಗಲೆಗೆ ಅವನು ದೀಕ್ಷೆಯನ್ನು ಕೊಟ್ಟನೆಂದು ಪರಂಪರೆಯು ಹೇಳುವುದರಿಂದ, ಬಸವಣ್ಣನವರಿಗಿಂತ ನೂರು ವರ್ಷ ಹಿಂದಿನವನೆಂದು ಎಣಿಸುವುದುಂಟು. ದೇವರ ದಾಸಿಮಯ್ಯನೂ ಜೇಡರ ದಾಸಿಮಯ್ಯನೂ ಒಬ್ಬರೋ ಇಬ್ಬರೋ ಎಂಬುದರಲ್ಲಿ ವಿದ್ವಾಂಸರಿಗೆ ಇಂದಿಗೂ ಒಮ್ಮತವಿಲ್ಲ. ಆ ವಾದಕ್ಕೆ ನಾನು ಇಳಿಯುವುದಿಲ್ಲ. ಅವನ ತವನಿಧಿಯ ಕಥೆಯನ್ನು ಮಾತ್ರ ನೆನೆಯಬೇಕು. ಬಹುಕಾಲ ನೆಯ್ದ ಅಮೂಲ್ಯವಾದ ವಸ್ತ್ರವನ್ನು ಸಂತೆಗೆ ಒಯ್ದರೆ ಅದಕ್ಕೆ ಬೆಲೆ ಕಟ್ಟುವವರು ದೊರೆಯಲಿಲ್ಲ. ಮರಳಿ ಬರುವಾಗ ಮುದುಕನಾದ ಜಂಗಮನೊಬ್ಬನು ಬೇಡಿದನು. ಕೊಟ್ಟ ಕೂಡಲೆ ಕಣ್ಣೆದುರಿಗೇ ಅದನ್ನು ಹರಿದು ಚೂರು ಮಾಡಿದನು. ದಾಸಿಮಯ್ಯನ ಮನಸ್ಸು ಕದಲಲಿಲ್ಲ. ಜಂಗಮರೂಪದಿಂದ ಬಂದಿದ್ದ ಶಿವನು ಅಕ್ಷಯವಾದ ಧಾನ್ಯನಿಧಿಯನ್ನು ಅನುಗ್ರಹಿಸಿದನು. ಈ ಕಥೆಯನ್ನು ನಾವು ದಾನಶೂರತೆಯ ಕಥೆಯೆಂದು ಹೇಳುತ್ತೇವೆ. ಆ ಮುದುಕಿಯ ಮನೆಯಲ್ಲಿ ಕೇಳಿದಾಗ ಆಕೆಯು ಬೇರೊಂದು ಮಾತನ್ನು ಹೇಳಿದಳು: "ಕೊಟ್ಟದ್ದು ದೊಡ್ಡದಲ್ರೀ. ನೇಯ್ದವನ ಎದುರಿಗೇ ಹರದರೂ ಸುಮ್ಮನಿದ್ದನಲ್ಲ, ಅದು ದೊಡ್ಡದು." ಇದು ಮಗ್ಗದವರಿಗೆ ಮಾತ್ರ ತೋಚುವ ವ್ಯಾಖ್ಯಾನ.

ಜೇಡರ ಎಂಬ ವಿಶೇಷಣವನ್ನು ಕೇಳಿದ ಮಕ್ಕಳು, ಈ ಶರಣನು ಜೇಡರ ಹುಳುಗಳನ್ನು ಸಾಕಿದ್ದನೇ ಎಂದು ಕೇಳುವುದುಂಟು. ನಗತಕ್ಕ ಪ್ರಶ್ನೆಯಲ್ಲ. ಜೇಡನೆಂದರೆ ನೇಕಾರ. ಜೇಡರ ಹುಳುವೆಂದರೆ ನೇಕಾರರ ಹುಳು, ಅಥವಾ ನೇಕಾರನಂತಹ ಹುಳು. ಕಾಲಕ್ರಮದಲ್ಲಿ ನೇಕಾರನೆಂಬ ಅರ್ಥವು ಬಳಕೆಯಿಂದ ಸರಿದು, ಜೇಡವೆಂಬ ಹೆಸರು ಹುಳುವಿಗೆ ಮಾತ್ರ ಉಳಿಯಿತೆಂದು ನನ್ನ ಅಭಿಪ್ರಾಯ. ಸಂಸ್ಕೃತದಲ್ಲಿಯೂ ಹೀಗೆಯೇ ಇದೆ. 'ತಂತುವಾಯ' ಎಂಬ ಒಂದೇ ಶಬ್ದವನ್ನು ಅಮರಸಿಂಹನು ಒಂದೆಡೆ ನೇಕಾರನಿಗೂ ಇನ್ನೊಂದೆಡೆ ಜೇಡಕ್ಕೂ ಹೇಳಿದ್ದಾನೆ. ಮನುಷ್ಯನು ಹುಳುವನ್ನು ನೋಡಿ ನೆಯ್ಗೆಯನ್ನು ಕಲಿತನೋ, ತಾನು ನೆಯ್ದ ಮೇಲೆ ಹುಳುವಿಗೆ ತನ್ನ ಹೆಸರನ್ನು ಕೊಟ್ಟನೋ. ಹೆಸರಿನ ಮಟ್ಟಿಗಂತೂ ಎರಡನೆಯದೇ ನಡೆದಿದೆ. ಮುಂಡಕೋಪನಿಷತ್ತಿನಲ್ಲಿ ಜೇಡವು ತನ್ನಿಂದಲೇ ನೂಲನ್ನು ಹೊರಡಿಸಿ ಮತ್ತೆ ಒಳಗೊಳ್ಳುವುದನ್ನು ಸೃಷ್ಟಿಗೆ ದೃಷ್ಟಾಂತವಾಗಿ ಹೇಳಿದೆ. ಅಕ್ಕಮಹಾದೇವಿಯು ಎತ್ತಿಕೊಂಡುದು ರೇಷ್ಮೆಯ ಹುಳುವನ್ನು. ಅದು ತಾನು ಸುತ್ತಿದ ನೂಲಿನಲ್ಲಿ ತಾನೇ ಸೆರೆಯಾಗುವುದು. ಒಂದು ನೂಲು ಬಿಡುಗಡೆಯ ಕಡೆಗೆ, ಮತ್ತೊಂದು ಬಂಧನದ ಕಡೆಗೆ.

ಸಂಸ್ಕೃತದ ಸಂಗತಿ ಬಂದುದರಿಂದ ಇನ್ನೆರಡು ಮಾತು. ಪಾಣಿನೀಯ ಧಾತುಪಾಠದಲ್ಲಿ 'ವೇಞ್' ಧಾತುವಿಗೆ ತಂತುಸಂತಾನವೆಂದು, ಅಂದರೆ ನೂಲನ್ನು ಹರವುವುದೆಂದು ಅರ್ಥ ಹೇಳಿದೆ. ಬೃಹದಾರಣ್ಯಕದಲ್ಲಿ ಗಾರ್ಗಿಯು ಯಾಜ್ಞವಲ್ಕ್ಯನನ್ನು, ಈ ಲೋಕಗಳೆಲ್ಲ ಯಾವುದರಲ್ಲಿ 'ಓತಪ್ರೋತ'ವಾಗಿವೆಯೆಂದು ಕೇಳುತ್ತಾಳೆ. ನಮ್ಮ ಹಾಸುಹೊಕ್ಕಿಗೆ ಸರಿಹೊಂದುವ ಮಾತದು. ತಂತ್ರವೆಂಬುದು ಮೊದಲು ಮಗ್ಗದ ಹಾಸು, ಆಮೇಲೆ ಶಾಸ್ತ್ರ. ಸೂತ್ರವೆಂಬುದು ಮೊದಲು ನೂಲು, ಆಮೇಲೆ ಚಿಕ್ಕದಾದ ಶಾಸ್ತ್ರವಾಕ್ಯ. ಗ್ರಂಥವೆಂದರೆ ಗಂಟು ಹಾಕಿದುದು. ಬರೆಹವನ್ನು ನೂಲಿನ ಮಾತಿನಿಂದ ಕರೆಯುವುದು ನಮ್ಮವರೊಬ್ಬರ ರೂಢಿಯಲ್ಲ. ಇಂಗ್ಲಿಷಿನವರ 'ಟೆಕ್ಸ್ಟ್' ಎಂಬ ಮಾತೂ ನೆಯ್ಯುವುದೆಂಬ ಅರ್ಥವುಳ್ಳ ಲ್ಯಾಟಿನ್ ಧಾತುವಿನಿಂದ ಬಂದುದು.

ಮಠದ ಭಕ್ತರಿಗೆ ಇವುಗಳಲ್ಲಿ ಹತ್ತಿರದ ಶಬ್ದವೆಂದರೆ 'ಸಂತಾನ', 'ಸಂತತಿ'. ಎರಡೂ ಎಳೆಯನ್ನು ಕಡಿಯದಂತೆ ಎಳೆಯುತ್ತ ಹೋಗುವುದೆಂಬ ಅರ್ಥದವು. ಮಕ್ಕಳಿಗೆ ಹೇಗೋ ಹಾಗೆ ಗುರುಶಿಷ್ಯ ಪರಂಪರೆಗೂ ಈ ಮಾತನ್ನು ನಮ್ಮ ಶಾಸನಗಳು ಬಳಸಿವೆ. ಬಳ್ಳಿಗಾವೆಯ ಕೋಡಿಯಮಠದ ಕಾಳಾಮುಖ ಆಚಾರ್ಯರು 'ಮೂವರಕೋಣೆಯ ಸಂತತಿ'ಗೆ ಸೇರಿದವರು. ಅನೇಕ ವಿದ್ಯೆಗಳ ವ್ಯಾಖ್ಯಾನಸ್ಥಾನವೆಂದೂ ಅನ್ನಛತ್ರವೆಂದೂ ಆ ಮಠವನ್ನು 1162ರ ಶಾಸನವು ವರ್ಣಿಸುತ್ತದೆ. ಕೊಠಡಿಯ ಗೋಡೆಗಳು ಬಿದ್ದವು. ಸಂತತಿಯೆಂಬ ಮಾತು ಕಲ್ಲಿನಲ್ಲಿ ನಿಂತಿದೆ.

ಕದಿರ ರೆಮ್ಮವ್ವೆಯ ಹೆಸರಿನಲ್ಲಿರುವ 'ಕದಿರು' ಕೂಡ ನೋಡತಕ್ಕ ಶಬ್ದ. ನೂಲುವ ರಾಟೆಯ ಮೊನೆಯಾದ ಕಡ್ಡಿಗೆ ಕದಿರೆಂದು ಹೆಸರು. ಪೈರಿನ ತೆನೆಗೂ ಕದಿರು. ಸೂರ್ಯನ ಕಿರಣಕ್ಕೂ ಕದಿರು. ಮೂರೂ ತೆಳ್ಳಗೆ ಚಾಚಿ ಹೊರಡುವ ವಸ್ತುಗಳು. ಆಕೆಯ ವಚನಗಳು ದೊರೆತಿರುವುದು ಕೆಲವೇ ಆದರೂ, ಅವುಗಳಲ್ಲೊಂದು ತಾನು ತಿರುಗಿಸುವ ರಾಟೆಯ ಒಂದೊಂದು ಭಾಗಕ್ಕೂ ಒಬ್ಬೊಬ್ಬ ದೇವತೆಯನ್ನು ಹೇಳಿ, ರಾಟೆಗೇ ಕುಲಗೋತ್ರಗಳನ್ನು ಕೊಡುತ್ತದೆ. ಕುಲವನ್ನು ಕೇಳುವ ಜನರಿಗೆ ಮರದ ರಾಟೆಯ ಕುಲವನ್ನು ಹೇಳಿದ ಆ ತಾಯಿಯ ನಗೆಯನ್ನು ಅರಿಯಬೇಕಾದರೆ, ರಾಟೆಯಲ್ಲಿ ಅಡಿಯ ಹಲಗೆ ಯಾವುದು, ನಿಂತ ಬೊಂಬೆ ಯಾವುದೆಂಬುದು ತಿಳಿದಿರಬೇಕು.

ಮಗ್ಗವನ್ನು ರಾಜರೂ ಮರೆಯಲಿಲ್ಲ. ಅದರ ಮೇಲೆ ತೆರಿಗೆಯನ್ನು ಹಾಕಿದರು. ಶಾಸನಗಳಲ್ಲಿ ಕಾಣುವ 'ಮಗ್ಗದೆರೆ'ಯೆಂಬುದು ಅದೇ. ನೆಯ್ಯುವವರ ಹೆಸರುಗಳನ್ನಂತೂ ಎಣಿಸಿ ಮುಗಿಸಲಾರೆವು: ದೇವಾಂಗ, ಹಟಗಾರ, ಪಟ್ಟಸಾಲಿ, ತೊಗಟ, ಬಿಳಿಮಗ್ಗ, ಕುರುಹಿನಶೆಟ್ಟಿ, ಜಾಡ, ಇನ್ನೂ ಎಷ್ಟೋ. ಈ ಶಬ್ದಗಳನ್ನು ಕೂಡಿಹಾಕಿದವರಲ್ಲಿ ಕಿಟ್ಟೆಲರ ಉಪಕಾರವನ್ನು ನೆನೆಯಬೇಕು. ಅವರ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ನಿನ ಅಚ್ಚುಕೂಟದಿಂದ ಹೊರಬಂತು. ಅದೇ ಮಿಶನ್ನು ಅದೇ ಊರಿನಲ್ಲಿ ನೆಯ್ಗೆಯ ಕಾರ್ಖಾನೆಯನ್ನೂ ನಡೆಯಿಸುತ್ತಿತ್ತೆಂಬುದು ಒಂದು ಸ್ವಾರಸ್ಯ. ವಚನಗಳನ್ನು ಓಲೆಗರಿಗಳಿಂದ ಬಿಡಿಸಿ 1923ರಲ್ಲಿ ವಚನಶಾಸ್ತ್ರಸಾರವನ್ನು ನಮ್ಮ ಕೈಗಿತ್ತ ರಾವಬಹಾದ್ದೂರ ಫ. ಗು. ಹಳಕಟ್ಟಿಯವರು ನೇಕಾರರ ಮನೆತನದಲ್ಲಿ ಹುಟ್ಟಿದವರು. ಮುದ್ರಣಾಲಯಕ್ಕಾಗಿ ತಮ್ಮ ಮನೆಯನ್ನೇ ಮಾರಿದ ಆ ಮಹನೀಯರ ವಿಷಯವನ್ನು ಇಲ್ಲಿ ವಿಸ್ತರಿಸಲು ಸ್ಥಳವಿಲ್ಲ.

ಇಳಕಲ್ಲಿನ ಮಾತೊಂದನ್ನು ಹೇಳದೆ ಮುಗಿಸಲಾರೆನು. ಅಲ್ಲಿಯ ಸೀರೆಯ ಒಡಲಿನ ಹಾಸು ಒಂದು, ಸೆರಗಿನ ಹಾಸು ಇನ್ನೊಂದು. ಒಡಲು ಹತ್ತಿಯದಾದರೆ ಸೆರಗು ಕೆಂಪು ರೇಷ್ಮೆಯದು. ಒಡಲಿನ ಒಂದೊಂದು ಎಳೆಯ ತುದಿಯನ್ನೂ ಸೆರಗಿನ ಒಂದೊಂದು ಎಳೆಯ ತುದಿಗೆ ಬಳೆಯಂತೆ ಸಿಕ್ಕಿಸಿ ಕೂಡಿಸುತ್ತಾರೆ. ಇದಕ್ಕೆ 'ಕೊಂಡಿ' ಎನ್ನುವರು. ಪ್ರತಿಯೊಂದು ಸೀರೆಗೂ ಸಾವಿರಾರು ಎಳೆಗಳನ್ನು ಹೀಗೆ ಕೈಯಿಂದಲೇ ಕೂಡಿಸಬೇಕು. ಹೆಚ್ಚಾಗಿ ಮನೆಯ ಹೆಂಗಸರೇ ಈ ಕೆಲಸವನ್ನು ಮಾಡುತ್ತ ಬಂದವರು. ಬಾಗಿಲ ಬಿಗಿಗೂ, ಎತ್ತಿನ ಗಾಡಿಗೂ ಇದ್ದ ಕೊಂಡಿಯೆಂಬ ಮಾತನ್ನು ಇಲ್ಲಿ ಕೂದಲಿನಷ್ಟು ತೆಳುವಾದ ನೂಲಿಗೆ ಕೊಟ್ಟವರು ಯಾರೋ. ಶಬ್ದವನ್ನು ಹೊಸ ಅರ್ಥಕ್ಕೆ ಸಿಕ್ಕಿಸುವ ಕೊಂಡಿಯೂ ಅವರ ಕೈಯಲ್ಲಿಯೇ ಇತ್ತು.

ಇಷ್ಟೆಲ್ಲ ಶಬ್ದಗಳ ಬಾಳು ಮಗ್ಗವನ್ನು ಅವಲಂಬಿಸಿರುವುದು. ಸರ್ಕಾರದ ಕೈಮಗ್ಗ ಗಣತಿಯ ಪ್ರಕಾರ ಭಾರತದಲ್ಲಿ ಈ ಕಸುಬಿನವರ ಸಂಖ್ಯೆಯು 2009–10ರಲ್ಲಿ 43 ಲಕ್ಷಕ್ಕಿಂತ ಹೆಚ್ಚಾಗಿದ್ದು, 2019–20ರಲ್ಲಿ ಸುಮಾರು 35 ಲಕ್ಷಕ್ಕೆ ಇಳಿಯಿತು. ವಿದ್ಯುತ್ತಿನ ಮಗ್ಗವೂ ನೇಯುತ್ತದೆ, ಅದನ್ನು ನಡೆಯಿಸುವವನೂ ನೇಕಾರನೇ. ಅವನ ಅನ್ನವನ್ನು ಹಗುರಾಗಿ ಕಾಣುವವನು ನಾನಲ್ಲ. ಆದರೆ ಗಂಜಿ ಹಾಕಿದ ನೂಲು ಸಿದ್ಧವಾಗಿ ಸುರುಳಿಯಲ್ಲಿ ಬರುವಾಗ ಓಣಿಯಲ್ಲಿ ಉಂಕೆ ಹಾಸುವವರು ಯಾರು? ಉಂಕೆಯಿಲ್ಲದ ಓಣಿಯಲ್ಲಿ ಬೆಳೆದ ಹುಡುಗನು ದಾಸಿಮಯ್ಯನ ವಚನದ ಮೊದಲನೆಯ ಶಬ್ದದಲ್ಲಿಯೇ ಎಡವುವನು. ನಾನು ಎಡವಿದಾಗ ಕೈಹಿಡಿದು ಎಬ್ಬಿಸುವವರು ಇದ್ದರು. ಆದುದರಿಂದ ಮಠದ ಗುರುಗಳಲ್ಲಿಯೂ ಭಕ್ತಾದಿಗಳಲ್ಲಿಯೂ ನನ್ನ ಬಿನ್ನಹವೊಂದಿದೆ: ವಚನಪಾಠವನ್ನು ಹೇಳಿಕೊಡುವ ಸ್ಥಳದಲ್ಲಿ ಒಂದು ಮಗ್ಗವನ್ನೂ ಒಂದು ರಾಟೆಯನ್ನೂ, ನೋಡುವುದಕ್ಕಲ್ಲ, ನಡೆಯಿಸುವುದಕ್ಕೆ ಇರಿಸಬೇಕು, ಕಸುಬು ಬಲ್ಲ ಹಿರಿಯರನ್ನು ಕರೆದು, ಒಂದೊಂದು ಅಂಗದ ಹೆಸರನ್ನೂ ಅವರ ಬಾಯಿಂದಲೇ ಬರೆದುಕೊಳ್ಳಬೇಕು.

ಕಳೆದ ಕಾರ್ತಿಕದಲ್ಲಿ ಆ ಓಣಿಗೆ ಮತ್ತೆ ಹೋಗಿದ್ದೆನು. ಆ ತಾಯಿಯು ಲಿಂಗೈಕ್ಯಳಾಗಿ ಬಹಳ ವರ್ಷಗಳಾಗಿವೆ. ಮಗ್ಗದ ಕುಣಿಯನ್ನು ಮುಚ್ಚಿ ಮೇಲೆ ಫರಸಿ ಹಾಸಿದ್ದಾರೆ. ಮೊಮ್ಮಗನು ಪಟ್ಟಣದಲ್ಲಿ ಕೆಲಸಕ್ಕಿದ್ದಾನೆ. ಅಂದು ಹಬ್ಬಕ್ಕೆಂದು ಬಂದಿದ್ದನು. ಮಾತಿನ ನಡುವೆ ಎದ್ದುಹೋಗಿ, ಅಟ್ಟದ ಮೇಲಿನ ಡಬ್ಬಿಯೊಂದನ್ನು ಇಳಿಸಿ ತಂದು ನನ್ನ ಮುಂದಿಟ್ಟನು. ಒಳಗೆ ಎರಡು ಲಾಳಿಗಳೂ ಹತ್ತಾರು ಕಂಡಿಕೆಗಳೂ ಇದ್ದವು. ಒಂದರಲ್ಲಿ ಇನ್ನೂ ಸ್ವಲ್ಪ ಕೆಂಪು ನೂಲು ಉಳಿದಿತ್ತು. "ಅಜ್ಜಿ ಇವನ್ನು ಒಗೀಬ್ಯಾಡ ಅಂದಿದ್ಲರಿ. ಇವಕ್ಕ ಏನಂತಾರಂತ ನಿಮಗ ಗೊತ್ತದ ಏನ್ರಿ?" ಎಂದು ಕೇಳಿದನು. ನಾನು ಒಂದು ಕಂಡಿಕೆಯನ್ನು ಎತ್ತಿ ಲಾಳಿಯ ಮುಳ್ಳಿಗೆ ಸಿಕ್ಕಿಸಿ ತೋರಿಸಿದೆನು.